ಟಾಪು ಆಮೇಲೆ, ಮೊದಲು ತಳ ನೋಡಿ

ಏಪ್ರಿಲ್ ತಿಂಗಳ ಒಂದು ಭಾನುವಾರ ನಮ್ಮ ಲಿಟಲ್ ಎಲ್ಮ್‌ನ ಎಲ್ಡೊರಾಡೊ ಪಾರ್ಕ್‌ವೇಯಲ್ಲಿ ಸ್ವಲ್ಪ ಹೊತ್ತು ನಿಂತರೆ, ಟಾಪು ಮಡಚಿಕೊಂಡು ಕೆರೆಯ ಕಡೆ ಹೊರಟ ಹಳೇ ಮಸ್ಟಾಂಗ್ ಒಂದಾದರೂ ಕಣ್ಣಿಗೆ ಬಿದ್ದೀತು. ಮಕ್ಕಳು ಕಾಲೇಜಿಗೆ ಹೋಗಿ ಗರಾಜಿನಲ್ಲಿ ಜಾಗ ಖಾಲಿಯಾಗಿರುವ ನಮ್ಮ ಗೆಳೆಯರಿಗೆ ‘ನಾನೂ ಒಂದು ಯಾಕೆ ಕೊಳ್ಳಬಾರದು’ ಅನ್ನಿಸಲು ಅಷ್ಟೇ ಸಾಕು. ಕೊಳ್ಳಿ, ಬೇಡ ಅನ್ನುವುದಿಲ್ಲ. ಚೆಕ್ ಬರೆಯುವ ಮುಂಚೆ ಈ ಕಾರಿನ ಒಳಗುಟ್ಟು ಸ್ವಲ್ಪ ತಿಳಿದಿರಲಿ.

ಕಾರಿಗೆ ಛಾವಣಿ ಏಕೆ? ಮಳೆಗೆ, ಬಿಸಿಲಿಗೆ ಎನ್ನುವುದು ಅರ್ಧ ಉತ್ತರ ಮಾತ್ರ. ರಟ್ಟಿನ ಚಪ್ಪಲಿ ಡಬ್ಬಿಗೆ ಮುಚ್ಚಳ ಅಂಟಿಸಿ ತಿರುಚಿ ನೋಡಿ, ಜಗ್ಗುವುದಿಲ್ಲ. ಮುಚ್ಚಳ ತೆಗೆಯಿರಿ, ಕೈಯಲ್ಲೇ ತಿರುಚುತ್ತದೆ. ಮೈಯೇ ಚೌಕಟ್ಟಾಗಿರುವ ಕಾರುಗಳಲ್ಲಿ ಛಾವಣಿಯ ಕೆಲಸ ಆ ಮುಚ್ಚಳದ್ದು. ಊರಿನ ಅಂಬಾಸಿಡರ್, ಫಿಯೆಟ್ ಈ ಜಾತಿಯವು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾತ್ರ ಬೇರೆ. ಅದಕ್ಕೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ, ಮೈಯನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ಇಂಗ್ಲೆಂಡಿನಲ್ಲಿ ಅದೇ ಚಾಸಿಯ ಮೇಲೆ ಟ್ರಯಂಫ್ ಹೆರಾಲ್ಡ್‌ನ ಕನ್ವರ್ಟಿಬಲ್ಲೂ ಬಂದಿತ್ತು.

ಮಸ್ಟಾಂಗ್ ಅಂಬಾಸಿಡರ್ ಜಾತಿಯದು. ಛಾವಣಿ ತೆಗೆದಾಗ ಹೋದ ಬಲವನ್ನು ಫೋರ್ಡ್‌ನವರು ತಳದಲ್ಲಿ ತುಂಬಿದರು. ಬಾಗಿಲುಗಳ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತೊಲೆಗಳ (ಇಲ್ಲಿಯವರು ರಾಕರ್ ಅನ್ನುತ್ತಾರೆ) ಒಳಗೆ ಇನ್ನೊಂದು ದಪ್ಪ ತಗಡು, ಸೀಟಿನಡಿ ಅಡ್ಡ ಬಲ. ದುರದೃಷ್ಟಕ್ಕೆ ನೀರು ಬಂದು ನಿಲ್ಲುವುದೂ ತುಕ್ಕು ಹಿಡಿಯುವುದೂ ಅಲ್ಲೇ! ಕೂಪೆ ಕಾರಿನ ತಳಕ್ಕೆ ತುಕ್ಕು ಹಿಡಿದರೆ ಅದು ಖರ್ಚಿನ ವಿಷಯ. ಕನ್ವರ್ಟಿಬಲ್‌ಗೆ ಹಿಡಿದರೆ ಬೆನ್ನುಮೂಳೆಯೇ ಹೋದಂತೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಟಾಪು ಇಳಿಸಿ, ಬಾಗಿಲು ಮುಚ್ಚಿ, ಬಾಗಿಲಿನ ಸುತ್ತಲ ಸಂದು ನೋಡಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಎಂದು ಅನುಮಾನಿಸಿ. ಜಾಕ್ ಹಾಕಿ ಒಂದು ಬದಿ ಎತ್ತಿದಾಗ ಬಾಗಿಲು ಸಿಕ್ಕಿಹಾಕಿಕೊಂಡರೆ ನಮಸ್ಕಾರ ಹೇಳಿ ಬನ್ನಿ. ವೈಪರ್‌ಗಳ ಹತ್ತಿರದ ಜಾಲರಿಗೆ ಅರ್ಧ ಬಕೆಟ್ ನೀರು ಸುರಿದು, ಡ್ಯಾಶ್‌ಬೋರ್ಡಿನ ಕೆಳಗೆ ತೊಟ್ಟಿಕ್ಕುತ್ತದೆಯೇ ನೋಡಿ. ಈ ಕಾರಿನ ನೆಲ ಕೊಳೆಯುವುದು ಹೆಚ್ಚಾಗಿ ಆ ದಾರಿಯಿಂದಲೇ. ಒಂದು ಅಯಸ್ಕಾಂತವೂ ಜೇಬಿನಲ್ಲಿರಲಿ. ಅದು ಅಂಟದ ಕಡೆ ಬಣ್ಣದ ಕೆಳಗಿರುವುದು ಪುಟ್ಟಿ (ಮಗುವಲ್ಲ, ಟಿಂಕರಿಂಗ್‌ನವರು ಮೆತ್ತುವ ಪೇಸ್ಟು). ಹ್ಯೂಸ್ಟನ್ ಕಡೆಯ ಕಾರಾದರೆ ಟೈಟಲ್ ಎರಡು ಸಲ ಓದಿ. 2017ರ ಹಾರ್ವಿ ಪ್ರವಾಹದಲ್ಲಿ ಅಲ್ಲಿ ಲಕ್ಷಗಟ್ಟಲೆ ವಾಹನಗಳು ಮುಳುಗಿದ್ದವು.

ಇನ್ನು ನನಗೆ ಬಹಳ ಇಷ್ಟವಾದ ಭಾಗ, ನಂಬರು. ನಮ್ಮ ವೃತ್ತಿಯವರು ಡೇಟಾ ಅಂದರೆ ಬಾಯಿ ಬಿಡುತ್ತೇವಲ್ಲ! ಮೊದಲ ಮಸ್ಟಾಂಗ್‌ನ ನಂಬರು 5ಎಫ್08ಎಫ್100001. ಮೊದಲ 5 ಎಂದರೆ 1965ರ ಮಾದರಿ, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ, 08 ಎಂದರೆ ಕನ್ವರ್ಟಿಬಲ್, ಮುಂದಿನ ಎಫ್ ಎಂಜಿನ್, ಉಳಿದದ್ದು ಸರಣಿ ಸಂಖ್ಯೆ. 1964ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಸ್ಟ್ಯಾನ್ಲಿ ಟಕರ್ ಎಂಬ ಪೈಲಟ್‌ಗೆ ಆ ಕಾರು ಮಾರಾಟವಾಗಿಹೋಯಿತು. ಅದನ್ನು ವಾಪಸ್ ಪಡೆಯಲು ಫೋರ್ಡ್ ಕಂಪನಿ 1966ರಲ್ಲಿ ಅವರಿಗೆ ಹೊಸ ಮಸ್ಟಾಂಗ್ ಕೊಡಬೇಕಾಯಿತು. ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ.

ನಿಮಗೆ ಬೇಕಾದದ್ದು ಆ 08. 1965, 1966ರ ಕಾರುಗಳಲ್ಲಿ 07 ಎಂದಿದ್ದರೆ ಅದು ಹುಟ್ಟಿನಿಂದ ಕೂಪೆ. ಯಾರೋ ಆಮೇಲೆ ತಲೆ ಕತ್ತರಿಸಿದ್ದಾರೆ. ಬಾಗಿಲಿಗೆ ಹೊಡೆದಿರುವ ತಗಡನ್ನು ನೆಚ್ಚಬೇಡಿ, ಬಾಗಿಲು ಬದಲಾದರೆ ತಗಡೂ ಹೋಗುತ್ತದೆ. ಬಾನೆಟ್ ಎತ್ತಿ, ಡ್ರೈವರ್ ಕಡೆಯ ಒಳ ತಗಡಿನಲ್ಲಿ ಅಚ್ಚೊತ್ತಿದ ನಂಬರನ್ನು ಟೈಟಲ್ ಜೊತೆ ಹೋಲಿಸಿ.

ಹೊಸದಾಗಿ ಬಣ್ಣ ಬಳಿದು ಮಿರಮಿರ ಮಿಂಚುವ ಕಾರಿಗಿಂತ, ಬಣ್ಣ ಮಾಸಿದ್ದರೂ ಕಾರ್ಖಾನೆಯಿಂದ ಬಂದ ಹಾಗೇ ಉಳಿದ ಕಾರಿಗೇ ನನ್ನ ವೋಟು. ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು. ಕಾರ್ಖಾನೆಯ ವೆಲ್ಡಿಂಗ್, ಸೀಟಿನ ಹೊಲಿಗೆ ಒಂದು ಸಲ ಹೋದರೆ ಹೋಯಿತು. ಜೊತೆಗೆ, ಮಾಸಿದ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಕಣ್ಣು ಪಳಗಿಸಿಕೊಳ್ಳಲು ಊರಿಗೆ ಹೋದಾಗ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ಸಂಗ್ರಹ ನೋಡಿ. ಇಲ್ಲಾದರೆ ಫೋರ್ಟ್‌ವರ್ತ್ ಕಡೆಯ ಟೆಕ್ಸಸ್ ಮೋಟಾರ್ ಸ್ಪೀಡ್‌ವೇಯಲ್ಲಿ ವಸಂತದಲ್ಲಿ ನಡೆಯುವ ಪೇಟ್ ಸ್ವಾಪ್ ಮೀಟ್‌ಗೆ ಹೋಗಿ, ಅಪ್ಪಟ ನಮ್ಮೂರ ಸಂತೆ! ಬೂಟ್ಸ್ ಹಾಕಿಕೊಳ್ಳಿ, ನಡೆಯುವುದು ಬಹಳ.

ಕಾಗದಪತ್ರ ಸುಲಭ. ಟೆಕ್ಸಸ್‌ನಲ್ಲಿ 25 ವರ್ಷ ದಾಟಿದ ಕಾರಿಗೆ ಆಂಟಿಕ್ ಪ್ಲೇಟು ಸಿಗುತ್ತದೆ, ಐದು ವರ್ಷಕ್ಕೊಮ್ಮೆ ನವೀಕರಿಸಿದರಾಯಿತು. ಆದರೆ ಅದು ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕಾರ್ಯಕ್ರಮಗಳಿಗೆ ಮಾತ್ರ. ಎಚ್‌ಇಬಿಗೆ ತರಕಾರಿ ತರಲು ಹೋಗುವ ಆಸೆಯಿದ್ದರೆ ಕ್ಲಾಸಿಕ್ ಪ್ಲೇಟು ತೆಗೆದುಕೊಳ್ಳಿ. ವಿಮೆ ಮಾತ್ರ ಮೊದಲೇ ಬೆಲೆ ಒಪ್ಪಿಕೊಂಡು ಬರೆಸುವ ರೀತಿಯದಾಗಿರಲಿ. ಮಾಮೂಲಿ ವಿಮೆಯ ಲೆಕ್ಕದಲ್ಲಿ ಅರವತ್ತು ವರ್ಷದ ಕಾರು ಬರೀ ಹಳೇ ಕಬ್ಬಿಣ.

ನಮ್ಮ ಕಡೆ ವಸಂತದಲ್ಲಿ ಬೀಳುವ ಆಲಿಕಲ್ಲು ಗೊತ್ತೇ ಇದೆಯಲ್ಲ, ಕಾರು ಗರಾಜಿನೊಳಗೇ ಇರಲಿ. ನಿಲ್ಲಿಸುವಾಗ ಟಾಪು ಏರಿಸಿಯೇ ನಿಲ್ಲಿಸಿ, ಮಡಚಿಟ್ಟರೆ ಬಟ್ಟೆ ಕುಗ್ಗುತ್ತದೆ, ಒದ್ದೆಯಿದ್ದರೆ ಬೂಷ್ಟೂ ಹಿಡಿಯುತ್ತದೆ. ಇಳಿಸುವ ಮುನ್ನ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಅದನ್ನು ಹಳೇ ಟವೆಲ್ ಮೇಲೆ ಚಪ್ಪಟೆಯಾಗಿ ಮಲಗಿಸಿ.