ಗೊಂಬೆಯ ಹೆಸರಿನಲ್ಲಿ ಅಶ್ಲೀಲದೋಷ: ‘ಗಾಲಿವಾಗ್’ ಪದದ ವಿಚಾರ

ಹೆಸರೆಂಬುದು ವಸ್ತುವಿನ ಗುರುತು ಮಾತ್ರವೇ, ಅಥವಾ ಕೇಳುವವನ ಮನಸ್ಸಿನಲ್ಲಿ ಬೇರೊಂದು ಕಾರ್ಯವನ್ನೂ ಮಾಡತಕ್ಕದ್ದೇ ಎಂಬ ಪ್ರಶ್ನೆಯು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಅದನ್ನು ಮಕ್ಕಳ ಗೊಂಬೆಯ ವಿಷಯದಲ್ಲಿ ಎತ್ತಬೇಕಾದ ಸಂದರ್ಭವು ಇಂಗ್ಲೆಂಡಿನಲ್ಲಿ ಒದಗಿರುವುದು. ಅಲ್ಲಿ ‘ಗಾಲಿವಾಗ್’ ಎಂಬ ಕಪ್ಪು ಮುಖದ ಬಟ್ಟೆಯ ಗೊಂಬೆಗಳನ್ನು ಅಕ್ಕರೆಯಿಂದ ಕೂಡಿಹಾಕುವವರು ಇದ್ದಾರೆ. ಆ ಹೆಸರನ್ನು ಉಚ್ಚರಿಸುವುದೇ ಅಪಮಾನಕರವೆನ್ನುವವರೂ ಇದ್ದಾರೆ. 2023ರ ಏಪ್ರಿಲ್ ತಿಂಗಳಿನಲ್ಲಿ ಎಸೆಕ್ಸ್ ಪ್ರಾಂತ್ಯದ ಗ್ರೇಸ್ ಎಂಬ ಊರಿನ ಪಾನಗೃಹವೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದ ಇಂತಹ ಗೊಂಬೆಗಳನ್ನು ಪೊಲೀಸರು ವಶಪಡಿಸಿಕೊಂಡಾಗ ಈ ವಾದವು ಮತ್ತೊಮ್ಮೆ ತಲೆಯೆತ್ತಿತು. ಪರದೇಶದ ಆಟಿಕೆಯ ಜಗಳವು ಕನ್ನಡದ ವಿದ್ವಾಂಸರಿಗೆ ಏತಕ್ಕೆಂದು ವಾಚಕರು ಕೇಳಬಹುದು. ಈ ಗೊಂಬೆಯು ಬರುವ ಇಂಗ್ಲಿಷ್ ಕಥೆಗಳನ್ನು ನಮ್ಮ ಮಕ್ಕಳು ಓದಿ ಬೆಳೆದಿದ್ದಾರೆ ಎಂಬುದು ಒಂದು ಕಾರಣ. ಆ ಹೆಸರಿನ ಕೊನೆಯ ತುಣುಕು ನಮ್ಮವರ ಮೇಲೆಯೇ ಬಿದ್ದ ಬೈಗುಳವೆಂಬುದು ಮತ್ತೊಂದು; ಅದನ್ನು ಮುಂದೆ ನೋಡುವೆವು.

ಮೊದಲು ಗೊಂಬೆಯ ಪೂರ್ವವೃತ್ತಾಂತ. ಫ್ಲಾರೆನ್ಸ್ ಕೇಟ್ ಅಪ್ಟನ್ ಎಂಬಾಕೆಯು 1873ರಲ್ಲಿ ನ್ಯೂಯಾರ್ಕಿನ ಫ್ಲಷಿಂಗಿನಲ್ಲಿ ಇಂಗ್ಲಿಷ್ ದಂಪತಿಗಳಿಗೆ ಹುಟ್ಟಿದವಳು. ತಂದೆಯು ತೀರಿಕೊಂಡ ಮೇಲೆ ಕುಟುಂಬವು ಇಂಗ್ಲೆಂಡಿಗೆ ಬಂದಿತು. ಚಿತ್ರಕಲೆಯ ಅಭ್ಯಾಸಕ್ಕೆ ಹಣ ಕೂಡಿಸುವುದಕ್ಕಾಗಿ ಆಕೆಯು ಮಕ್ಕಳ ಪುಸ್ತಕವೊಂದಕ್ಕೆ ಚಿತ್ರಗಳನ್ನು ಬರೆದಳು. ಪದ್ಯಗಳನ್ನು ತಾಯಿ ಬರ್ಥಾ ರಚಿಸಿದಳು. 1895ರಲ್ಲಿ ಹೊರಬಂದ ಆ ಪುಸ್ತಕದ ಹೆಸರು ‘ಎರಡು ಡಚ್ ಗೊಂಬೆಗಳು ಮತ್ತು ಒಂದು ಗಾಲಿವಾಗ್ಗ್ ಇವರ ಸಾಹಸಗಳು’ ಎಂದಾಗುವುದು. ತಾನು ಚಿಕ್ಕಂದಿನಲ್ಲಿ ಆಡಿದ್ದ ಹಳೆಯ ಕಪ್ಪು ಗೊಂಬೆಯೊಂದನ್ನು ಎದುರಿಗಿಟ್ಟುಕೊಂಡು ಆಕೆಯು ಚಿತ್ರಿಸಿದಳು. ಅದರ ರೂಪವು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಿಳಿಯ ನಟರು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿಗಳನ್ನು ದೊಡ್ಡದಾಗಿ ತೀಡಿಕೊಂಡು, ಗುಲಾಮಗಿರಿಯಲ್ಲಿದ್ದ ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟಗಳ ವೇಷವೇ ಆಗಿದ್ದಿತು. ಆದರೆ ಅಪ್ಟನ್ನಳ ಕಥೆಗಳಲ್ಲಿ ಈತನು ದುಷ್ಟನಲ್ಲ. ನೋಡಲು ಭಯಂಕರನಾದರೂ ಸ್ವಭಾವದಲ್ಲಿ ಸಜ್ಜನನು, ಧೀರನು. 1909ರ ವೇಳೆಗೆ ಈ ಮಾಲೆಯಲ್ಲಿ ಹದಿಮೂರು ಪುಸ್ತಕಗಳಾದುವು. ಹೆಸರಿಗೂ ರೂಪಕ್ಕೂ ಆಕೆಯು ಸ್ವಾಮ್ಯವನ್ನು ಪಡೆಯಲಿಲ್ಲವಾದುದರಿಂದ ಜರ್ಮನಿಯ ಸ್ಟೈಫ್ ಮೊದಲಾದ ಕಾರ್ಖಾನೆಗಳು ತಮತಮಗೆ ತೋಚಿದಂತೆ ಗೊಂಬೆಗಳನ್ನು ಮಾಡಿ ಮಾರಿದುವು. ಪೇಸ್ಲಿಯ ರಾಬರ್ಟ್‌ಸನ್ ಎಂಬ ಹಣ್ಣಿನ ಪಾಕದ ವ್ಯಾಪಾರಸಂಸ್ಥೆಯು 1910ರಲ್ಲಿ ಇದನ್ನೇ ತನ್ನ ಮುದ್ರೆಯಾಗಿ ಮಾಡಿಕೊಂಡು, 1928ರಿಂದ ಎರಕದ ಬಿಲ್ಲೆಗಳನ್ನು ಹಂಚತೊಡಗಿತು. ಸಂಗ್ರಾಹಕರ ಪಂಗಡವು ಬಹುಮಟ್ಟಿಗೆ ಈ ಬಿಲ್ಲೆಗಳಿಂದಲೇ ಬೆಳೆದುದು.

ಇನ್ನು ಪದದ ನಿಷ್ಪತ್ತಿ. ಗೊಂಬೆಯ ಪಕ್ಷಪಾತಿಗಳು ತಮ್ಮ ವಾದದ ಭಾರವನ್ನೆಲ್ಲ ಇದರ ಮೇಲೆಯೇ ಹಾಕುತ್ತಾರೆ. ಆಕ್ಸ್‌ಫರ್ಡ್ ನಿಘಂಟುಕಾರರ ಊಹೆಯಂತೆ ‘ಗಾಲಿ’ ಎಂಬ ಆಶ್ಚರ್ಯಸೂಚಕವೂ ಗೊದಮೊಟ್ಟೆ ಎಂಬರ್ಥದ ‘ಪಾಲಿವಾಗ್’ ಎಂಬುದೂ ಬೆರೆತು ಈ ಶಬ್ದವಾಗಿರುವ ಸಂಭವವುಂಟು. ಎಂದರೆ ಮಕ್ಕಳ ನಾಲಗೆಗೆ ಹಿತವಾಗುವ ಯದೃಚ್ಛಾಶಬ್ದ. ಯಾವ ಜನಾಂಗವನ್ನೂ ಅದು ಹೇಳದು. ಇದಕ್ಕೆ ಪ್ರತಿಯಾಗಿ ಇನ್ನೊಂದು ಕಥೆಯು ಪ್ರಚಾರದಲ್ಲಿದೆ. ಈಜಿಪ್ಟಿನಲ್ಲಿ ಬ್ರಿಟಿಷರ ಕೈಕೆಳಗೆ ದುಡಿಯುತ್ತಿದ್ದ ಕೂಲಿಗಳ ತೋಳಪಟ್ಟಿಯ ಮೇಲೆ ‘ಸರಕಾರಿ ಕೆಲಸದವರು’ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿದ್ದುವೆಂದೂ, ಅವು ಕೂಡಿ ‘ವಾಗ್’ ಆಯಿತೆಂದೂ, ಅರಬ್ಬಿಯ ‘ಘೂಲ್’ ಎಂಬ ಪಿಶಾಚಿಯ ಹೆಸರು ಮುಂದೆ ಸೇರಿತೆಂದೂ ಹೇಳುತ್ತಾರೆ. ಈ ಕಥೆಗೆ ಆ ಕಾಲದ ಬರೆಹದ ಆಧಾರವಿಲ್ಲ. ಮೊದಲಕ್ಷರಗಳಿಂದ ಪದವನ್ನು ಬಿಡಿಸಿ ತೋರಿಸುವ ಇಂತಹ ನಿರುಕ್ತಿಗಳು ಪದವು ಬಳಕೆಗೆ ಬಂದ ಮೇಲೆ ಹೊಸೆದವುಗಳೇ ಹೆಚ್ಚು. ಇದು ಇಂಗ್ಲಿಷರಿಗೆ ಮಾತ್ರ ಮೀಸಲಾದ ಚಪಲವೇನೂ ಅಲ್ಲ. ನಮ್ಮ ಊರ ಹೆಸರುಗಳಿಗೆ ಸ್ಥಳಪುರಾಣಗಳು ಕಟ್ಟಿರುವ ನಿರ್ವಚನಗಳನ್ನು ಬಲ್ಲವರು ನಗದಿರಲಾರರು.

‘ವಾಗ್’ ಎಂಬ ಬಿಡಿ ಪದವು ಬೈಗುಳಾಗಿ ಕೋಶದಲ್ಲಿ ಮೊದಲು ಕಾಣುವುದು 1929ರಲ್ಲಿ, ಬೋವೆನ್ ಎಂಬಾತನು ಸಂಗ್ರಹಿಸಿದ ನಾವಿಕರ ಆಡುಮಾತಿನ ಕೋಶದಲ್ಲಿ. ಅಲ್ಲಿ ಅದಕ್ಕೆ ಕೊಟ್ಟಿರುವ ಅರ್ಥವನ್ನು ವಾಚಕರು ಗಮನಿಸಬೇಕು: ಭಾರತದ ಕರಾವಳಿಯ ಹಡಗು ಕಚೇರಿಗಳಲ್ಲಿ ಗುಮಾಸ್ತರಾಗಿದ್ದ ಕೆಳದರ್ಜೆಯ ಬಾಬುಗಳು! ಮುಂದೆ ಅದು ಅರಬ್ಬರಿಗೂ ಈಜಿಪ್ಟಿನವರಿಗೂ ಕಪ್ಪು ಜನರಿಗೂ ಹಬ್ಬಿತು. ಗೊಂಬೆಯ ಹೆಸರಿಗೆ 1895. ಬೈಗುಳಿನ ದಾಖಲೆಗೆ 1929. ಬೈಗುಳಿನಿಂದ ಗೊಂಬೆಗೆ ಹೆಸರು ಬಂದಿತೆನ್ನುವುದಕ್ಕಿಂತ ಗೊಂಬೆಯ ಹೆಸರು ಕತ್ತರಿಸಿ ಬೈಗುಳಾಯಿತೆನ್ನುವುದೇ ಹೆಚ್ಚು ಸಂಭವನೀಯ. ಪಕ್ಷಪಾತಿಗಳು ಇದನ್ನು ತಮ್ಮ ಜಯವೆಂದು ಎಣಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಮಗುವಿನ ಆಟಿಕೆಯ ಹೆಸರೊಂದು ಮನುಷ್ಯರನ್ನು ಹೀಯಾಳಿಸುವುದಕ್ಕೆ ಇಷ್ಟು ಸುಲಭವಾಗಿ ಒದಗಿತೆಂದರೆ, ಆ ಗೊಂಬೆಯನ್ನು ಕಂಡವರು ಅದರಲ್ಲಿ ಯಾರ ಹೋಲಿಕೆಯನ್ನು ಕಂಡರೆಂಬುದು ತಾನಾಗಿಯೇ ಹೊರಪಡುವುದು.

ಅಪ್ಟನ್ನಳ ಮೊದಲನೆಯ ಪುಸ್ತಕದ ಹೆಸರಿನಲ್ಲಿಯೇ ಇನ್ನೊಂದು ಗೊಂಬೆಯುಂಟು. ‘ಡಚ್ ಗೊಂಬೆ’ಯೆಂದರೆ ಕೀಲುಗಳುಳ್ಳ ಮರದ ಗೊಂಬೆ. ಅವು ಹಾಲೆಂಡಿನವಲ್ಲ, ಹೆಚ್ಚಾಗಿ ಟಿರೋಲ್ ಸೀಮೆಯ ಗ್ರೋಡನ್ ಕಣಿವೆಯಲ್ಲಿ ಜನರು ಕೆತ್ತುತ್ತಿದ್ದವು. ಜರ್ಮನರ ‘ಡಾಯ್ಚ್’ ಎಂಬುದನ್ನು ಇಂಗ್ಲಿಷರು ತಪ್ಪಾಗಿ ಡಚ್ ಎಂದರೆಂದು ತಿಳಿದವರ ಅಭಿಪ್ರಾಯ. ಒಂದೇ ಪುಸ್ತಕದ ಮುಖಪುಟದಲ್ಲಿ ಎರಡು ಗೊಂಬೆಗಳಿವೆ. ಒಂದರ ಹೆಸರು ಒಂದು ಜನಾಂಗವನ್ನು ನೇರವಾಗಿ, ಅದೂ ತಪ್ಪಾಗಿ, ಹೇಳುತ್ತದೆ. ಅದರಿಂದ ಯಾರೂ ನೊಂದವರಿಲ್ಲ. ಇನ್ನೊಂದರ ಹೆಸರು ವಾಚ್ಯಾರ್ಥದಲ್ಲಿ ಯಾರನ್ನೂ ಹೇಳುವುದಿಲ್ಲ. ಅದರಿಂದ ಒಂದು ಶತಮಾನದ ನೋವು. ನಮ್ಮಲ್ಲಿಯೂ ಅಮರಸಿಂಹನು ಬಟ್ಟೆ, ದಂತ ಮುಂತಾದವುಗಳ ಗೊಂಬೆಗೆ ಹೇಳಿರುವ ‘ಪಾಂಚಾಲಿಕೆ’ ಎಂಬ ಹೆಸರಿನಲ್ಲಿ ಪಾಂಚಾಲರ ಹೆಸರು ಕೇಳಿಸುವುದಾದರೂ ಯಾರ ಮನಸ್ಸೂ ಕೆಡದು. ಆದುದರಿಂದ ನೋವಿನ ಮೂಲವನ್ನು ಅಭಿಧೆಯಲ್ಲಿಯೂ ನಿಷ್ಪತ್ತಿಯಲ್ಲಿಯೂ ಹುಡುಕಿ ಫಲವಿಲ್ಲ.

ಇಲ್ಲಿ ನಮ್ಮ ಆಲಂಕಾರಿಕರ ನೆರವು ಒದಗುವುದು. ದೋಷಪ್ರಕರಣದಲ್ಲಿ ಅವರು ಹೇಳುವ ಅಶ್ಲೀಲತ್ವವನ್ನು ಇಂದಿನ ರೂಢಿಯಂತೆ ಶೃಂಗಾರಸಂಬಂಧವಾದ ಅಸಭ್ಯತೆಯೆಂದು ಮಾತ್ರ ತಿಳಿಯಬಾರದು. ವ್ರೀಡೆ, ಜುಗುಪ್ಸೆ, ಅಮಂಗಳ ಈ ಮೂರನ್ನೂ ತರುವ ಪದವು ಅಶ್ಲೀಲವೇ. ವಾಮನನು ಇದನ್ನು ಎರಡು ಬಗೆಯಾಗಿ ನಿರೂಪಿಸುತ್ತಾನೆ. ಪದಕ್ಕೆ ಅಸಭ್ಯವಾದ ಇನ್ನೊಂದು ಅರ್ಥವಿರುವುದು ಒಂದು. ತೇಜಸ್ಸನ್ನೂ ಮಲವನ್ನೂ ಹೇಳುವ ‘ವರ್ಚಸ್’ ಶಬ್ದವು ಇಂತಹುದು. ಪದವು ತಾನು ಶುದ್ಧವಾಗಿದ್ದರೂ ಅದರ ಒಂದು ಭಾಗವು ಅಸಭ್ಯವಾದುದರ ನೆನಪನ್ನು ತರುವುದು ಮತ್ತೊಂದು. ಮಮ್ಮಟನು ಪದಾಂಶದೋಷಗಳನ್ನು ಬೇರೆಯಾಗಿಯೇ ವಿಚಾರಿಸಿದ್ದಾನೆ. ಕನ್ನಡದಲ್ಲಿ ನಾಗವರ್ಮನು ಕಾವ್ಯಾವಲೋಕನದ ಒಂದು ಅಧಿಕರಣವನ್ನೇ ಕಾವ್ಯದೋಷಗಳಿಗೆ ಮೀಸಲಿಟ್ಟಿರುವನು. ಗಾಲಿವಾಗ್ ಶಬ್ದವು ಎರಡನೆಯ ಬಗೆಗೆ ಸ್ಪಷ್ಟವಾದ ಉದಾಹರಣೆ. ದೋಷವು ಸ್ಮೃತಿಯ ಮೂಲಕ ಬರತಕ್ಕದ್ದಾದುದರಿಂದ, ಬೈಗುಳೇ ಹುಟ್ಟದಿದ್ದ ಕಾಲದಲ್ಲಿ ಪದಾಂಶದಿಂದ ಬರುವ ದೋಷವಿರಲಾರದು. ಬೈಗುಳು ರೂಢವಾದ ಮೇಲೆ, ನಿಷ್ಪತ್ತಿಯು ಎಷ್ಟೇ ನಿರ್ಮಲವಾಗಿರಲಿ, ಅದು ತಪ್ಪದು. ಒಂದೇ ಶಬ್ದವು 1895ರಲ್ಲಿ ಒಂದು ಬಗೆಯಾಗಿಯೂ 1950ರಲ್ಲಿ ಇನ್ನೊಂದು ಬಗೆಯಾಗಿಯೂ ಇರುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ.

ವಾಮನನು ಅಪವಾದಗಳನ್ನೂ ಹೇಳಿದ್ದಾನೆ. ನಿಜವಾದ ವಾದವಿರುವುದು ಇಲ್ಲಿಯೇ. ಅಸಭ್ಯಾರ್ಥವು ಪ್ರಸಿದ್ಧವಲ್ಲದೆ ಅಡಗಿದ್ದರೆ ಅದು ‘ಗುಪ್ತ’. ಲಕ್ಷಣೆಯಿಂದ ಮಾತ್ರ ಬರುವುದಾದರೆ ‘ಲಕ್ಷಿತ’. ಲೋಕವ್ಯವಹಾರವೇ ಮುಚ್ಚಿಬಿಟ್ಟಿದ್ದರೆ ‘ಸಂವೃತ’. ಈ ಮೂರೂ ದೋಷವಲ್ಲ. ‘ಭಗಿನೀ’ ಎಂಬಲ್ಲಿ ಪದಭಾಗವು ಏನನ್ನು ನೆನಪಿಗೆ ತರಬಹುದಾದರೂ ಲೋಕವು ಅದನ್ನು ಸಮ್ಮತಿಸಿದೆಯೆಂದು ದಂಡಿಯೂ ಒಪ್ಪುತ್ತಾನೆ. ಕಥೆಯಲ್ಲಿ ಮಾತ್ರ ಈ ಹೆಸರನ್ನು ಕಂಡ ಕನ್ನಡದ ಮಗುವಿಗೆ ಅದರ ದೋಷವು ಗುಪ್ತವೆಂದು ಒಪ್ಪಬಹುದು. ಸಂಗ್ರಾಹಕರು ಹಿಡಿಯುವುದು ಮೂರನೆಯ ಹಾದಿಯನ್ನು. ಮೂರು ತಲೆಮಾರುಗಳ ಮಕ್ಕಳು ಈ ಗೊಂಬೆಯನ್ನು ಅಪ್ಪಿಕೊಂಡು ಮಲಗಿದರು, ಆ ವಾತ್ಸಲ್ಯದಲ್ಲಿ ಬೈಗುಳು ಮುಚ್ಚಿಹೋಗಿದೆ ಎಂಬುದು ಅವರ ಮಾತಿನ ಸಾರ. ವಾದವು ತಿರಸ್ಕಾರಕ್ಕೆ ತಕ್ಕುದಲ್ಲ. ಆದರೆ ಲೋಕವೆಂದರೆ ಯಾರು? ‘ಭಗಿನೀ’ ಎಂದು ಕರೆಯಿಸಿಕೊಂಡವಳು ಸಂತೋಷದಿಂದ ಓಗೊಡುತ್ತಾಳೆ. ಆ ಮುಸುಕನ್ನು ನೇಯ್ದವರಲ್ಲಿ ಅವಳೂ ಒಬ್ಬಳು. ಗಾಲಿವಾಗ್ ಎಂಬುದಕ್ಕೆ ಹಾಗೆ ಓಗೊಟ್ಟವರಿಲ್ಲ. ಶಾಲೆಯ ಅಂಗಳದಲ್ಲಿ ಆ ಹೆಸರಿನಿಂದ ಕರೆಯಿಸಿಕೊಂಡು ತಲೆ ತಗ್ಗಿಸಿದ ಮಕ್ಕಳು ಆ ಲೋಕದಲ್ಲಿ ಎಣಿಕೆಗೆ ಬರಲಿಲ್ಲ. ಅರ್ಧ ಲೋಕವು ಮುಚ್ಚಿದುದನ್ನು ಸಂವೃತವೆನ್ನಲಾಗದು. ವಕ್ತೃವಿನ ಮನಸ್ಸಿನಲ್ಲಿ ದ್ವೇಷವಿಲ್ಲವೆಂಬ ಸಮಾಧಾನವೂ ಪೂರ್ಣವಲ್ಲ. ವ್ಯಂಗ್ಯಾರ್ಥವು ಹೊಳೆಯುವುದಕ್ಕೆ ಕಾರಣಗಳನ್ನು ಎಣಿಸುವಾಗ ಮಮ್ಮಟನು ವಕ್ತೃವಿನೊಡನೆಯೇ ಕೇಳುವವನನ್ನೂ, ಬಳಿಯಲ್ಲಿರುವ ಅನ್ಯರನ್ನೂ, ದೇಶಕಾಲಗಳನ್ನೂ ಸೇರಿಸಿದ್ದಾನೆ. 2009ರಲ್ಲಿ ಬಿ.ಬಿ.ಸಿ.ಯ ನಿರೂಪಕಿಯೊಬ್ಬಳು ಪ್ರಸಾರದ ಹೊರಗೆ, ಖಾಸಗಿ ಮಾತಿನಲ್ಲಿ, ಟೆನಿಸ್ ಆಟಗಾರನೊಬ್ಬನನ್ನು ಈ ಪದದಿಂದ ವರ್ಣಿಸಿ ಆ ಕಾರ್ಯಕ್ರಮದ ಸ್ಥಾನವನ್ನು ಕಳೆದುಕೊಂಡಳು. ಅದು ತಮಾಷೆಯ ಮಾತೆಂಬ ಸಮಜಾಯಿಷಿಯು ನಿಲ್ಲಲಿಲ್ಲ.

ಬ್ಲೈಟನ್ನಳ ಪುಸ್ತಕಗಳ ಪಾಠಾಂತರಗಳು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿವೆ. 1944ರ ‘ಮೂವರು ಗಾಲಿವಾಗ್‌ಗಳು’ ಎಂಬುದರಲ್ಲಿ ಒಬ್ಬನ ಹೆಸರು ಗಾಲಿ, ಇನ್ನೊಬ್ಬನದು ವಾಗ್ಗಿ; ಮೂರನೆಯವನದು ಕಪ್ಪು ಜನರಿಗೆ ಅನ್ವಯಿಸುವ ಅತ್ಯಂತ ನಿಂದ್ಯವಾದ ಇಂಗ್ಲಿಷ್ ಪದವೇ. ಮುಂದಿನ ಮುದ್ರಣಗಳಲ್ಲಿ ಅವರು ವಿಗ್ಗಿ, ವ್ಯಾಗ್ಗಿ, ವಾಲಿ ಎಂದಾದರು. ಮೂರನೆಯ ಹೆಸರನ್ನು ತೆಗೆದುದರಲ್ಲಿ ಆಶ್ಚರ್ಯವಿಲ್ಲ. ವಾಗ್ಗಿಯನ್ನೂ ಉಳಿಸದಿದ್ದುದು ನಮ್ಮ ವಿಚಾರಕ್ಕೆ ಮುಖ್ಯ: ಪದಾಂಶವು ನೆನಪನ್ನು ತರುವುದೆಂದು ಪರಿಷ್ಕರಿಸಿದವರು ಬಲ್ಲವರಾಗಿದ್ದರು. 1951ರ ನಾಡಿ ಕಥೆಯೊಂದರಲ್ಲಿ ಗಾಲಿವಾಗ್‌ಗಳು ಕತ್ತಲೆಯ ಕಾಡಿನಲ್ಲಿ ನಾಡಿಯ ಬಂಡಿಯನ್ನೂ ಉಡುಪನ್ನೂ ಕಸಿದುಕೊಳ್ಳುವ ಕಳ್ಳರು. ಅಪ್ಟನ್ನಳ ಸಜ್ಜನನೆಲ್ಲಿ, ಈ ಕಳ್ಳರೆಲ್ಲಿ! ಹೆಸರು ಹೀನಾರ್ಥಕ್ಕೆ ಇಳಿದಂತೆ ಪಾತ್ರವೂ ಇಳಿಯಿತು. ಅನಂತರದ ಮುದ್ರಣಗಳಲ್ಲಿ ಇವರ ಸ್ಥಾನಕ್ಕೆ ‘ಗಾಬ್ಲಿನ್’ ಎಂಬ ಕುಳ್ಳ ಪಿಶಾಚಿಗಳನ್ನು ತಂದರು.

ವ್ಯಾಪಾರಿಗಳು ಆಯ್ದುಕೊಂಡ ಉಪಾಯ ಬೇರೆ. ಅವರು ಹೆಸರಿನ ಬಾಲವನ್ನು ಕತ್ತರಿಸಿ ‘ಗಾಲಿ’ ಎಂದರು. ಸಂಗ್ರಾಹಕರಲ್ಲಿಯೂ ಇಂದು ಇದೇ ವಾಡಿಕೆ. ದೋಷವು ಪದಾಂಶದಲ್ಲಿದ್ದರೆ ಅಂಶವನ್ನು ತೆಗೆದ ಕೂಡಲೆ ದೋಷವೂ ಹೋಗಬೇಕಲ್ಲವೆ? ವ್ಯಾಕರಣದ ಮಟ್ಟಿಗೆ ಹೌದು. ಆದರೆ ಗೊಂಬೆಯು ಕಣ್ಣೆದುರಿಗಿರುವಾಗ ಲೋಪವಾದ ಭಾಗವನ್ನು ಕೇಳುವವನು ತಾನೇ ತುಂಬಿಕೊಳ್ಳುತ್ತಾನೆ. ಅಧ್ಯಾಹಾರವನ್ನು ತಡೆಯುವುದು ಯಾರ ಕೈಯಲ್ಲಿಯೂ ಇಲ್ಲ. ರೂಪವೇ ಅಣಕವಾಗಿರುವಲ್ಲಿ ನಾಮವನ್ನು ಮಾತ್ರ ತಿದ್ದಿದರೆ ಪ್ರಯೋಜನವು ಅಲ್ಪ. 1983ರಲ್ಲಿ ಲಂಡನ್ನಿನ ನಗರಮಹಾಮಂಡಲಿಯು ರಾಬರ್ಟ್‌ಸನ್ ಪದಾರ್ಥಗಳನ್ನು ಬಹಿಷ್ಕರಿಸಿತು. 1988ರಲ್ಲಿ ದೂರದರ್ಶನದ ಜಾಹೀರಾತುಗಳಿಂದ ಗೊಂಬೆಯು ಮರೆಯಾಯಿತು. 2001ರಲ್ಲಿ ಆ ಮುದ್ರೆಯನ್ನೇ ಕೈಬಿಡುವ ನಿರ್ಧಾರವಾಯಿತು.

ಜಾತಿಯ ಅಥವಾ ಕಸುಬಿನ ಹೆಸರುಳ್ಳ ಗೊಂಬೆಗಳೆಲ್ಲವನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕೇ ಎಂದು ಕೇಳಬಹುದು. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಜೊತೆಗೆ ಅಕ್ಕಿ ಬೇಳೆಗಳ ಅಂಗಡಿಯನ್ನು ಹರಡಿಕೊಂಡು ಕುಳಿತ ಡೊಳ್ಳುಹೊಟ್ಟೆಯ ಶೆಟ್ಟಿಯನ್ನೂ ಅವನ ಹೆಂಡತಿಯನ್ನೂ ಇಡುವುದುಂಟು. ‘ಶೆಟ್ಟಿ’ಯು ಸಂಸ್ಕೃತದ ‘ಶ್ರೇಷ್ಠೀ’ ಎಂಬುದರಿಂದ ಪ್ರಾಕೃತದ ‘ಸೆಟ್ಠಿ’ಯ ಮೂಲಕ ಬಂದ ಗೌರವದ ಶಬ್ದ, ಗೊಂಬೆಯಲ್ಲಿ ಮಾತ್ರ ಸ್ವಲ್ಪ ಹಾಸ್ಯವುಂಟು. ಆದರೆ ಆ ಹೆಸರಿನವರು ತಮ್ಮ ಹೆಸರಿನ ಜೊತೆಗೆ ಅದನ್ನು ತಾವೇ ಹಚ್ಚಿಕೊಳ್ಳುತ್ತಾರೆ. ವ್ಯಾಪಾರದ ಮನೆತನಗಳಲ್ಲಿಯೂ ಈ ಗೊಂಬೆಯನ್ನು ಸಮೃದ್ಧಿಯ ಗುರುತೆಂದು ಇಡುತ್ತಾರೆ. ಇಲ್ಲಿ ಆಡುವವನೂ ಆಡಿಸಿಕೊಂಡವನೂ ಒಂದೇ ಲೋಕದವರು. ಸಂವೃತವೆಂಬ ಅಪವಾದವು ಸಲ್ಲುವುದು ಇಂತಹ ಕಡೆಯಲ್ಲಿ. ನಾಳೆ ಆ ಹೆಸರಿನವರೇ ಬೇಡವೆಂದರೆ ಅಪವಾದವೂ ಬಿದ್ದುಹೋಗುವುದು.

ಇನ್ನು ನಮ್ಮವರ ಕೆಲಸಕ್ಕೆ ಸಂಬಂಧಪಟ್ಟ ಎರಡು ಮಾತುಗಳು. ಇಂಗ್ಲಿಷ್ ಕನ್ನಡ ನಿಘಂಟುಗಳಲ್ಲಿ ಈ ಪದವನ್ನು ‘ಒಂದು ಬಗೆಯ ಬಟ್ಟೆಯ ಗೊಂಬೆ’ ಎಂದಷ್ಟೇ ಬರೆದು ಬಿಡುವುದು ಸಾಲದು; ನಿಂದಾರ್ಥಕವೆಂಬ ಸೂಚನೆಯೂ 1929ರ ಬೈಗುಳಿನ ಸಂಬಂಧವೂ ಅಲ್ಲಿರಬೇಕು. ಹಳೆಯ ಕಥೆಗಳನ್ನು ಕನ್ನಡಿಸುವವರು ‘ಕರಿಯ ಗೊಂಬೆ’ ಎಂದು ಸುಲಭವಾಗಿ ಪರಿಹರಿಸಿಕೊಳ್ಳಲು ಹೊರಡಬಹುದು. ಅದು ಇನ್ನೂ ಕೆಟ್ಟುದು. ಮೂಲದಲ್ಲಿ ಸ್ಮೃತಿಯಿಂದ ಬರುತ್ತಿದ್ದ ನಿಂದೆಯು ಈ ಅನುವಾದದಲ್ಲಿ ವಾಚ್ಯವೇ ಆಗಿಬಿಡುವುದು. ಕಪ್ಪು ಬಣ್ಣವನ್ನು ಹೀನಾಯವೆಂದೆಣಿಸುವ ಚಟವು ನಮ್ಮಲ್ಲಿಯೂ ಇಲ್ಲವೆನ್ನುವಂತಿಲ್ಲವಷ್ಟೆ. ಚಿಕ್ಕಮಕ್ಕಳಿಗೆ ಬರೆಯುವಾಗ ಪಾತ್ರಕ್ಕೆ ಬೇರೆ ಹೆಸರನ್ನೇ ಇಡುವುದು ಲೇಸು. ಗ್ರಂಥಸೂಚಿಗಳಲ್ಲಿಯೂ ಸಾಹಿತ್ಯಚರಿತ್ರೆಯಲ್ಲಿಯೂ ಮೂಲದ ಹೆಸರನ್ನು ಬದಲಾಯಿಸದೆ ಕೊಡತಕ್ಕದ್ದು. ಅಲ್ಲಿ ಅಪ್ಟನ್ನಳ ಬರೆವಣಿಗೆಯಂತೆ ಕೊನೆಯಲ್ಲಿ ಗಕಾರದ ದ್ವಿತ್ವವನ್ನು ಉಳಿಸಬೇಕು; ಫ್ರಾನ್ಸಿನ ಸಂಗೀತಗಾರ ಡೆಬ್ಯುಸಿಯು ತನ್ನ 1908ರ ಮಕ್ಕಳ ವಾದ್ಯಮಾಲೆಯ ಕೊನೆಯ ರಚನೆಗೆ ಈ ಗೊಂಬೆಯ ಹೆಸರನ್ನು ಇಟ್ಟಾಗಲೂ ದ್ವಿತ್ವವನ್ನು ಬಿಟ್ಟಿರಲಿಲ್ಲ. ಒಂದೇ ಗಕಾರದ ರೂಪವು ಗೊಂಬೆ ಮಾರುವವರಿಂದ ಬಳಕೆಗೆ ಬಂದುದು.