ಎರಡನೆಯ ಕೂಸಿಗೆ ಯಾರ ಮಡಿಲು?

ಚೊಚ್ಚಲ ಬಾಣಂತನ ತವರಿನ ಹೊಣೆ ಎಂಬುದು ನಮ್ಮ ಮಂಡ್ಯ ಸೀಮೆಯಲ್ಲಿ ಯಾರೂ ಪ್ರಶ್ನಿಸದ ಕಟ್ಟಳೆ. ಎರಡನೆಯ ಹೆರಿಗೆಗೆ ಅಂಥ ಕಟ್ಟಳೆಯಿಲ್ಲ. ಆ ವೇಳೆಗೆ ತವರಿನ ತಾಯಿಗೆ ಮಂಡಿನೋವು ಶುರುವಾಗಿರುತ್ತದೆ. ಅತ್ತಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿರುತ್ತಾಳೆ. ಹಿರಿಯ ಮಗುವನ್ನು ಶಾಲೆಯ ವ್ಯಾನು ಹತ್ತಿಸಿ ಬರುವಷ್ಟು ಹೊತ್ತು ಕೂಸನ್ನು ಎತ್ತಿಕೊಳ್ಳುವವರೂ ಇರುವುದಿಲ್ಲ.

ಬಸರಾಳಿನಲ್ಲಿರುವ ನಮ್ಮ ಬಂಧುವೊಬ್ಬಳು ಖಾಸಗಿ ಶಾಲೆಯ ಶಿಕ್ಷಕಿ. ಸಂಬಳ 12,000 ರೂಪಾಯಿ. ಎರಡನೆಯ ಮಗುವಿಗೆ ಆರು ತಿಂಗಳಾದಾಗ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದೂವರೆಯವರೆಗೆ ನೋಡಿಕೊಳ್ಳುವವರಿಗಾಗಿ ಊರೆಲ್ಲ ವಿಚಾರಿಸಿದಳು. ಒಪ್ಪಿದ ಹೆಂಗಸು 5,000 ಕೇಳಿದಳು. ಮನೆಯವರಿಗೆ ಅದು ದುಬಾರಿ ಎನಿಸಿತು. ತಿಂಗಳಿಗೆ 25 ದಿನವೆಂದು ಲೆಕ್ಕ ಹಾಕಿದರೆ ಗಂಟೆಗೆ 45 ರೂಪಾಯಿಯೂ ಆಗುವುದಿಲ್ಲ. ಕಳೆ ಕೀಳಲು ಹೋದರೂ ಆಕೆಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಕೊಡುವವಳಿಗೆ ಹೊರೆಯಾದದ್ದು ಪಡೆಯುವವಳಿಗೆ ಸಾಲದು. ಸಾಲದೆಂದು ಹತ್ತು ದಿನಕ್ಕೇ ಆಕೆ ಬಿಟ್ಟಳು. ಅವಳಿಗೂ ಒಂದು ಪುಟ್ಟ ಮಗುವಿತ್ತು.

ಅರ್ಥಶಾಸ್ತ್ರಜ್ಞ ಪಿಗೂ 1920ರ ತಮ್ಮ ಗ್ರಂಥದಲ್ಲೇ ಈ ವಿಚಿತ್ರವನ್ನು ಗುರುತಿಸಿದ್ದರು: ಸಂಬಳದ ಮನೆಗೆಲಸದವಳನ್ನು ಯಜಮಾನ ಮದುವೆಯಾದರೆ ಕೆಲಸವೇನೂ ಕಡಿಮೆಯಾಗದು, ರಾಷ್ಟ್ರೀಯ ವರಮಾನ ಮಾತ್ರ ಕುಗ್ಗುತ್ತದೆ. ಅಜ್ಜಿ ಕೂಸು ನೋಡಿಕೊಂಡಷ್ಟು ಕಾಲ ಆ ದುಡಿಮೆಗೆ ಬೆಲೆ ಕಟ್ಟದ ನಾವು, ಅದಕ್ಕೇ ಇನ್ನೊಬ್ಬಳು ಹಣ ಕೇಳಿದರೆ ಹುಬ್ಬೇರಿಸುತ್ತೇವೆ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ನೀಡಿ, 50 ಮಂದಿ ದುಡಿಯುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಹಳ್ಳಿಯ ಶಾಲೆಯಲ್ಲಿ ಐವತ್ತು ಮಂದಿ ಎಲ್ಲಿಂದ ಬರಬೇಕು? 2021ರಲ್ಲಿ ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಅದು ಸರ್ಕಾರಿ ನೌಕರಿ ದೊರೆತವರ ಭಾಗ್ಯ. 1975ರಲ್ಲಿ ನಮ್ಮ ನೆರೆಯ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂದಾಗಿನಿಂದ ಅಂಗನವಾಡಿಗಳು ದೊಡ್ಡ ಕೆಲಸವನ್ನೇ ಮಾಡಿವೆ. ಆದರೆ ಅಲ್ಲಿ ಕುಳಿತು ಆಡಿ ಕಲಿಯುವುದು ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಕೂಸಿಗೆ ಮನೆಗೊಯ್ಯುವ ಪೌಷ್ಟಿಕ ಆಹಾರವುಂಟು, ಮಡಿಲಿಲ್ಲ.

2023-24ರ ಆಯವ್ಯಯದಲ್ಲಿ ಘೋಷಣೆಯಾದ, 4,000 ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಈ ಕೊರತೆಯನ್ನು ಸರಿಯಾಗಿಯೇ ಗುರುತಿಸಿತು. ತೊಡಕಾದದ್ದು ಅದನ್ನು ಉದ್ಯೋಗ ಖಾತ್ರಿಗೆ ಗಂಟುಹಾಕಿದ ರೀತಿ. ಆರೈಕೆದಾರರ ದುಡಿಮೆಯನ್ನೂ ಕೂಲಿಯ ನೂರು ದಿನಗಳ ಲೆಕ್ಕಕ್ಕೆ ಸೇರಿಸಲಾಯಿತು. ಕೂಸು ಒಂದು ಮುಖಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಆ ಮುಖವೇ ಬದಲಾದರೆ? ಕೆರೆಯ ಹೂಳೆತ್ತುವವರು ಬದಲಾದರೆ ಹೂಳಿಗೇನೂ ಆಗದು. ಕೂಸಿನ ವಿಷಯ ಹಾಗಲ್ಲ. ಇನ್ನೊಂದು ಮಾತು: ನಮ್ಮ ಕಡತಗಳಲ್ಲಿ ತಾಯಿ ಒಂದೋ ‘ಕೂಲಿಕಾರಳು’, ಇಲ್ಲವೇ ‘ನೌಕರಳು’. ಹನ್ನೆರಡು ಸಾವಿರದ ಶಿಕ್ಷಕಿಯನ್ನೂ ಅಂಗಡಿಯಲ್ಲಿ ಬಿಲ್ಲು ಬರೆಯುವವಳನ್ನೂ ಸೇರಿಸುವ ಕಾಲಂ ಅವುಗಳಲ್ಲಿಲ್ಲ.

ಪಂಚಾಯಿತಿ ಒಂದು ಕೋಣೆ, ಹಾಲು, ನೀರು ಒದಗಿಸಲಿ. ಆರೈಕೆದಾರರು ತರಬೇತಿ ಪಡೆದ, ವರ್ಷವಿಡೀ ಬದಲಾಗದ ಇಬ್ಬರಾಗಲಿ. ತಮ್ಮ ಮಕ್ಕಳನ್ನೂ ಅಲ್ಲಿಗೇ ಕರೆತರಲಿ. ಶಕ್ತರಾದ ತಾಯಂದಿರಿಂದ ತಿಂಗಳಿಗೆ 1,500 ರೂಪಾಯಿ ಪಡೆದು, ಕೂಲಿಯವರ ಮಕ್ಕಳ ಪಾಲನ್ನು ಪಂಚಾಯಿತಿಯೇ ಭರಿಸಲಿ. ಎಂಟು ಕೂಸುಗಳಿಂದ 12,000 ಆಗುತ್ತದೆ. ಅರ್ಧ ದಿನದ ಕೆಲಸಕ್ಕೆ ಇಬ್ಬರಿಗೂ ತಲಾ 6,000. ಬಿಟ್ಟುಹೋದ ಆ ಹೆಂಗಸು ಕೇಳಿದ್ದಕ್ಕಿಂತ ಒಂದು ಸಾವಿರ ಹೆಚ್ಚು.