ಹಳೆಯ ಮಡಚು ಚಾಕು ಕೊಳ್ಳುವ ಮುನ್ನ: ಹೊಳಪು ನೋಡಿ ಮೋಸ ಹೋಗಬೇಡಿ

ಅಜ್ಜನ ಪೆಟ್ಟಿಗೆಯಲ್ಲಿ ಒಂದು ಮಡಚು ಚಾಕು ಇತ್ತು. ಕಂದು ಬಣ್ಣದ ಹಿಡಿ, ಕಪ್ಪಾದ ಅಲಗು, ಅಲಗಿನ ಬುಡದಲ್ಲಿ ಏನೋ ಸಣ್ಣ ಅಕ್ಷರಗಳು. ಸ್ವಲ್ಪ ಚಂದ ಮಾಡೋಣ ಅಂತ ಸಾಣೆ ಹಿಡಿಯುವವರ ಕೈಗೆ ಕೊಟ್ಟೆ. ಹತ್ತು ನಿಮಿಷದಲ್ಲಿ ಕನ್ನಡಿಯ ಹಾಗೆ ಹೊಳೆಯಿತು. ಅಕ್ಷರ ಮಾತ್ರ ಮಾಯವಾಗಿತ್ತು. ಆ ಚಾಕು ಯಾವ ಊರಿನದ್ದು, ಯಾವ ಕಾಲದ್ದು ಎಂದು ಹೇಳಬಲ್ಲ ಒಂದೇ ಸಾಕ್ಷಿಯನ್ನು ನಾನೇ ದುಡ್ಡು ಕೊಟ್ಟು ಅಳಿಸಿ ಹಾಕಿದ್ದೆ.

ನಾಣ್ಯ, ಗಡಿಯಾರ ಸಂಗ್ರಹಿಸುವವರ ಹಾಗೆಯೇ ಹಳೆಯ ಚಾಕು ಸಂಗ್ರಹಿಸುವವರೂ ಇದ್ದಾರೆ. ಮಲಯಾಳದಲ್ಲಿ 'ಪೇನಾಕ್ಕತ್ತಿ' ಎನ್ನುವ ಈ ಪುಟ್ಟ ಚಾಕು, ಗರಿಯ ಲೇಖನಿ ಕೆತ್ತಲು ಹುಟ್ಟಿದ್ದು. ಬಳಸದೇ ಉಳಿದ ಹಳೆಯ ಚಾಕುಗಳ ಬೆಲೆ ದುಬಾರಿ. ಬಳಸಿ ಸವೆದದ್ದು ಅಗ್ಗಕ್ಕೆ ಸಿಗುತ್ತದೆ, ಹೊಸಬರಿಗೆ ಅದೇ ಒಳ್ಳೆಯ ಆರಂಭ. ಆದರೆ ಯಾವ ಸವಕಳಿಯನ್ನು ಒಪ್ಪಬಹುದು, ಯಾವುದನ್ನು ಒಪ್ಪಬಾರದು ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಕಷ್ಟಪಟ್ಟು ದುಡಿದ ಹಣ ನೀರುಪಾಲು.

ಮೊದಲು ಅಚ್ಚು ಓದಿ

ಅಲಗಿನ ಬುಡದಲ್ಲಿರುವ ಅಚ್ಚೇ ಚಾಕುವಿನ ಜಾತಕ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಜೋಸೆಫ್ ರಾಡ್ಜರ್ಸ್ ಕಂಪೆನಿಯ ಗುರುತು ಒಂದು ನಕ್ಷತ್ರ ಮತ್ತು ಒಂದು ಮಾಲ್ಟೀಸ್ ಶಿಲುಬೆ. ಜೊತೆಗೆ 'ವಿ ಆರ್' ಅಂತಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, 'ಜಿ ಆರ್' ಅಂತಿದ್ದರೆ ಜಾರ್ಜ್ ದೊರೆಗಳ ಕಾಲದ್ದು ಎಂದು ಅಂದಾಜು ಮಾಡಬಹುದು. ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕು ಎಂಬ ನಿಯಮ 1891ರಲ್ಲಿ ಜಾರಿಗೆ ಬಂತು. ಹಾಗಾಗಿ ದೇಶದ ಹೆಸರಿರುವ ಚಾಕು ಸಾಮಾನ್ಯವಾಗಿ ಅದರ ನಂತರದ್ದು. 'ವೆಸ್ಟ್ ಜರ್ಮನಿ' ಅಂತಿದ್ದರೆ 1949ಕ್ಕಿಂತ ಹಿಂದಿನದ್ದಾಗಲು ಸಾಧ್ಯವೇ ಇಲ್ಲ.

ಅಮೆರಿಕದ ಕೇಸ್ ಕಂಪೆನಿಯ ಲೆಕ್ಕ ಇನ್ನೂ ಸುಲಭ. 1970ರಲ್ಲಿ ಅವರು ಅಚ್ಚಿನ ಕೆಳಗೆ ಹತ್ತು ಚುಕ್ಕಿ ಹಾಕಿದರು. ಮುಂದೆ ವರ್ಷಕ್ಕೊಂದರಂತೆ ಚುಕ್ಕಿ ಕಡಿಮೆ ಮಾಡುತ್ತಾ ಹೋದರು. ಏಳು ಚುಕ್ಕಿ ಇದ್ದರೆ 1973, ಒಂದೇ ಇದ್ದರೆ 1979. ಅಚ್ಚು ಅಳಿದರೆ ಈ ಲೆಕ್ಕವೆಲ್ಲ ಮುಗಿದ ಹಾಗೆ.

ಎಷ್ಟು ಉಕ್ಕು ಉಳಿದಿದೆ?

ಪ್ರತಿ ಸಲ ಹರಿತ ಮಾಡುವಾಗಲೂ ಸ್ವಲ್ಪ ಉಕ್ಕು ಹೋಗುತ್ತದೆ. ಹೋದ ಉಕ್ಕು ವಾಪಸ್ ಬರುವುದಿಲ್ಲ. ಬುಡದ ಹತ್ತಿರ ಸಾಣೆ ಮುಟ್ಟದ ಒಂದು ಸಣ್ಣ ಭಾಗ ಇರುತ್ತದೆ, ಅದು ಮೂಲ ಅಗಲ. ಅದಕ್ಕೂ ಮುಂದಿನ ಅಲಗಿಗೂ ಹೋಲಿಸಿ. ಅಲ್ಲಿಂದ ಅಲಗು ದಿಢೀರ್ ಕಿರಿದಾಗಿದ್ದರೆ ತುಂಬಾ ಸವೆದಿದೆ ಎಂದರ್ಥ. ಮಡಚಿದಾಗ ತುದಿಯ ಆಚೆ ಖಾಲಿ ಜಾಗ ಜಾಸ್ತಿ ಕಂಡರೆ, ತುದಿ ಮುರಿದು ಮತ್ತೆ ಉಜ್ಜಿ ಮೊನೆ ಮಾಡಿರುವ ಸಾಧ್ಯತೆ ಇದೆ. ಅದೇ ಮಾದರಿಯ ಸವೆಯದ ಚಾಕುವಿನ ಫೋಟೋ ಹುಡುಕಿ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ನಡೆ ನುಡಿ ಎರಡೂ ಸರಿ ಇರಲಿ

ಮನುಷ್ಯರ ಹಾಗೆ ಚಾಕುವಿಗೂ ನಡೆ ನುಡಿ ಇದೆ, ಸಂಗ್ರಹಕಾರರು ಹೇಳುವುದೇ ಹಾಗೆ. ತೆರೆಯುವಾಗ ಅಲಗು ಸರಾಗವಾಗಿ ತಿರುಗುವುದು ನಡೆ. ಕೊನೆಗೆ 'ಟಕ್' ಎಂದು ಗಟ್ಟಿಯಾಗಿ ಕೂರುವ ಸದ್ದು ನುಡಿ. ಸದ್ದೇ ಬರದಿದ್ದರೆ ಒಳಗಿನ ಸ್ಪ್ರಿಂಗ್ ದುರ್ಬಲವಾಗಿರಬಹುದು, ಕೊಳೆ ತುಂಬಿರಲೂಬಹುದು. ಒಂದು ಹನಿ ಎಣ್ಣೆ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಅಲಗು ಅಡ್ಡಡ್ಡ ಸ್ವಲ್ಪ ಅಲುಗಾಡಿದರೆ ಗಾಬರಿ ಬೇಡ, ಪಿನ್ ಸಡಿಲವಾಗಿರುತ್ತದೆ, ಅಷ್ಟೆ. ಸ್ಪ್ರಿಂಗ್ ಬಿರುಕು ಬಿಟ್ಟಿದ್ದರೆ ಮಾತ್ರ ಬಿಟ್ಟುಬಿಡಿ.

ಕಪ್ಪು ಬೇರೆ, ತುಕ್ಕು ಬೇರೆ

ಹಳೆಯ ಕಾರ್ಬನ್ ಉಕ್ಕು ಹಣ್ಣು ತರಕಾರಿಯ ರಸ ತಾಗಿ ಬೂದು, ನೀಲಿ, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಇದು ದೋಷ ಅಲ್ಲ, ವಯಸ್ಸಿನ ಗುರುತು. ಕೆಂಪು ತುಕ್ಕು ಹಾಗಲ್ಲ, ಅದು ಉಕ್ಕನ್ನು ತಿಂದು ಗುಳಿ ಮಾಡುತ್ತದೆ. ಎಣ್ಣೆ ಹಚ್ಚಿ, ತೀರಾ ನಯವಾದ ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿದರೆ ಮೇಲ್ಪದರದ ತುಕ್ಕು ಹೋಗುತ್ತದೆ. ಅಚ್ಚಿನ ಹತ್ತಿರ ಕೈ ಹಾಕಬೇಡಿ.

ಮಾರುವವರು ಯಂತ್ರಕ್ಕೆ ಹಿಡಿದು ಹೊಳಪು ಕೊಟ್ಟ ಚಾಕುವಿನಿಂದ ದೂರ ಇರಿ. ಅಚ್ಚು ಮಸುಕಾಗಿರುವುದು, ಚೂಪಾಗಿರಬೇಕಾದ ಅಂಚುಗಳು ಉರುಟಾಗಿರುವುದು, ಪಿನ್‌ಗಳ ತಲೆ ಸವೆದಿರುವುದು ಅದರ ಲಕ್ಷಣ. ಪ್ರಾಮಾಣಿಕವಾಗಿ ಸವೆದ ಚಾಕು ಇದಕ್ಕಿಂತ ಎಷ್ಟೋ ಮೇಲು.

ನಮ್ಮ ಕರಾವಳಿಯ ಮಳೆಗಾಲ ಉಕ್ಕಿಗೆ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದಿಡುತ್ತದೆ. ತೆಳುವಾಗಿ ಎಣ್ಣೆ ಹಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಸೆಲ್ಯುಲಾಯ್ಡ್ ಹಿಡಿಯ ಚಾಕು ಇದ್ದರೆ ಬೇರೆಯೇ ಇಡಿ. ಅದು ಹಳತಾದಂತೆ ಹೊರಬಿಡುವ ಆಮ್ಲದ ಅನಿಲ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ.

ಕಾನೂನು ಮರೆಯಬೇಡಿ

ಹಿಡಿ ಯಾವುದರದ್ದು ಎಂದು ಕೇಳಿಯೇ ಕೇಳಿ. ಜಾನುವಾರುಗಳ ಮೂಳೆ, ಮರ ಆದರೆ ತೊಂದರೆ ಇಲ್ಲ. ಶೆಫೀಲ್ಡಿನ ಹಳೆಯ ಕೊಂಬಿನ ಹಿಡಿಗಳಿಗೆ ಭಾರತದಿಂದಲೇ ಕಡವೆ ಕೊಂಬು ಹೋಗುತ್ತಿತ್ತು. ಇವತ್ತು ಕಡವೆ ಕೊಂಬು, ಆನೆದಂತದ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಷ್ಟೇ ಹಳೆಯದಾದರೂ ಅದರ ತಂಟೆಗೆ ಹೋಗಬೇಡಿ.

ಶಸ್ತ್ರಾಸ್ತ್ರ ನಿಯಮಗಳು ಮನೆ ಮತ್ತು ಕೃಷಿ ಕೆಲಸಕ್ಕಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧ ಎಂದು ಪರಿಗಣಿಸುತ್ತವೆ. ಜೇಬಿನ ಚಾಕು ಅದಕ್ಕಿಂತ ತುಂಬಾ ಸಣ್ಣದು, ನಿಜ. ಆದರೂ ಸಂಗ್ರಹದ ಚಾಕುವಿಗೆ ಮನೆಯೇ ಜಾಗ. ಜೇಬಲ್ಲಿಟ್ಟು ಪೇಟೆ ಸುತ್ತುವುದು, ರೀಲ್ಸ್‌ನಲ್ಲಿ ತೋರಿಸುವುದು ಬೇಡ. ಗಲ್ಫ್‌ನಿಂದ ಬರುವವರು ವಿಮಾನದ ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲೇ ಕಳೆದುಕೊಳ್ಳುತ್ತೀರಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ತೆರೆದದ್ದು, ಮಡಚಿದ್ದು, ಎರಡೂ ಬದಿ, ಬೆನ್ನು, ಅಚ್ಚಿನ ಹತ್ತಿರದ ಚಿತ್ರ, ಪಕ್ಕದಲ್ಲೊಂದು ಸ್ಕೇಲ್ ಇಟ್ಟ ಫೋಟೋ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ನೀವೂ ದುಡ್ಡು ಕೊಡಬೇಡಿ.

ಅದಕ್ಕೂ ಮೊದಲು ಮನೆಯ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ. ಅಜ್ಜನ ಚಾಕು ಅಲ್ಲೇ ಇರಬಹುದು. ಸಿಕ್ಕಿದರೆ ಒಂದು ಹನಿ ಎಣ್ಣೆ ಸಾಕು. ಸಾಣೆಗೆ ಮಾತ್ರ ಕೊಡಬೇಡಿ.